ಅಡುಗೆಮನೆಯಲ್ಲಿ ಬೆಂದ ಎಂಜಿನ್ ಮುಚ್ಚಳ

ಕಾರಿನ ಸಾಮಾನನ್ನು ಅಡುಗೆಮನೆಯಲ್ಲಿ ಮಾಡಲು ಹೊರಟ ಗಂಡಸಿನ ಮನೆಯಲ್ಲಿ ಏನಾದರೊಂದು ನಡೀತಾನೇ ಇರುತ್ತದೆ. ನಮ್ಮನೆಯಲ್ಲಿ ನಡೆದದ್ದನ್ನೆಲ್ಲ ನಾಲ್ಕು ಜನಕ್ಕೆ ಹೇಳಿ ನಗಿಸುತ್ತಿದ್ದವಳು ನನ್ನ ಹೆಂಡತಿ. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದೆ. ಅವಳು ಹೋಗಿ ಎರಡು ವರ್ಷ ಆಯ್ತು. ಈಗ ಹೇಳೋಕೂ ನಾನೇ, ಹೂಂ ಅನ್ನೋಕೂ ನಾನೇ.

ನಾನು ಬಳ್ಳಾರಿ ಕಡೆಯವನು. ಆರನೇ ಕ್ಲಾಸಿಗೆ ಸ್ಲೇಟು ಇಟ್ಟು ಸ್ಪ್ಯಾನರ್ ಹಿಡಿದೆ. ವಿಜಯವಾಡದ ಆಟೋನಗರ್‌ನಲ್ಲಿ ಮೆಕ್ಯಾನಿಕ್ ಆದೆ. ಅವಳು ವಿಶಾಖಪಟ್ಟಣದ ತೆಲುಗು ಹುಡುಗಿ. ನಾವೇ ಒಪ್ಪಿ ಮದುವೆ ಆದೆವು. ಅವಳಪ್ಪ, ಅಂದರೆ ನಮ್ಮ ಮಾವ, ಒಪ್ಪಲಿಲ್ಲ. "ಮಗಳನ್ನು ನೋಡೋಕೆ ಬರ್ತೀನಿ. ಆ ಗ್ರೀಸು ಕೈಯವನ ಮನೆಯಲ್ಲಿ ಊಟ ಮಾಡಲ್ಲ" ಅಂದರು. ಹಂಗೇ ನಡಕೊಂಡರು. ವರ್ಷಕ್ಕೆರಡು ಸಲ ಬರೋರು. ದಾರಿಯಲ್ಲಿ ಗನ್ನವರಂನಲ್ಲೇ ಕಾರು ನಿಲ್ಲಿಸಿ ಹೊಟ್ಟೆ ತುಂಬ ತಿಂದು ಬರೋರು. ನಮ್ಮ ವರಾಂಡದಲ್ಲಿ ಕೂತು, ತಾವು ತಂದ ಬಾಟಲಿಯ ನೀರನ್ನೇ ಕುಡಿದು, ಎದ್ದು ಹೋಗೋರು. ಎಂಟು ವರ್ಷ ಹಿಂಗೇ. ಮದುವೆಗೆ ಮುಂಚೆ ಅವರಿಗೆ ಅವಳ ಕೈ ಅಡುಗೆ ಬಿಟ್ಟು ಬೇರೆಯದು ಸೇರುತ್ತಿರಲಿಲ್ಲವಂತೆ. ಅವಳಿಗೆ ಇದ್ದದ್ದು ಒಂದೇ ಆಸೆ. ನಾನ್ನ ನನ್ನ ಮನೆಯಲ್ಲಿ ಒಂದು ಹೊತ್ತು ಊಟ ಮಾಡಬೇಕು. ತೆಲುಗಲ್ಲಿ ಅಪ್ಪನಿಗೆ ನಾನ್ನ ಅಂತಾರೆ.

ಮುಚ್ಚಳದ ವಿಷಯವನ್ನೂ ಹೇಳಿಬಿಡ್ತೀನಿ. ಆಗ ಹೊಸದಾಗಿ ಬಂದ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಪಕ್ಕಕ್ಕೆ ಹಲ್ಲು ಹಲ್ಲಿನ ಒಂದು ರಬ್ಬರ್ ಬೆಲ್ಟು. ಅದು ಹರಿದರೆ ಕಾರು ನಡುದಾರಿಯಲ್ಲೇ ನಿಂತುಬಿಡುತ್ತದೆ. ಅದರ ಮೇಲೆ ಕರೀ ಮುಚ್ಚಳ. ಬೆಲ್ಟು ಸವೆದಿದೆಯಾ ಅಂತ ನೋಡೋಕೆ ಅದನ್ನು ಬಿಚ್ಚಬೇಕು, ಅರ್ಧ ದಿನದ ಕೆಲಸ. ಗಾಜಿನಂಥ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಳ ಮಾಡಿದರೆ ಬಾನೆಟ್ ಎತ್ತಿದ ಕೂಡಲೇ ಕಾಣುತ್ತಲ್ಲ ಅನ್ನಿಸಿತು. ಅಂಗಡಿ ಬೋರ್ಡು ಮಾಡುವವರ ಹತ್ತಿರ ಆಕ್ರಿಲಿಕ್ ಶೀಟಿನ ತುಂಡುಗಳು ಸಿಗುತ್ತಿದ್ದವು. ಬಿಸಿ ಮಾಡಿದರೆ ಅದು ದೋಸೆ ಹಾಗೆ ಮೆತ್ತಗಾಗುತ್ತದೆ. ಮರದ ಅಚ್ಚಿನ ಮೇಲೆ ಹಾಸಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಆರುವ ತನಕ ಸುತ್ತ ಅಂಚು ಒತ್ತಿ ಹಿಡೀಬೇಕು. ಬಿಟ್ಟರೆ ಸೊಟ್ಟ. ಎರಡು ಕಡೆಗೂ ಸೇರಿ ನಾಲ್ಕು ಕೈ ಬೇಕು.

ಬಿಸಿ ಮಾಡೋಕೆ ಓವನ್ ಮನೆಯಲ್ಲಿತ್ತು. ಬಿಸ್ಕತ್ತು ಮಾಡಿಕೊಳ್ಳಲಿ ಅಂತ ನಾನೇ ಅವಳಿಗೆ ತಗಡು ಬಡಿದು ಮಾಡಿಕೊಟ್ಟಿದ್ದೆ. ಎರಡು ಸಲ ಬಿಸ್ಕತ್ತು ಮಾಡಿದಳು. ಆಮೇಲೆ ನಾನು ಕಿತ್ತುಕೊಂಡೆ.

೧. ಕಾಗೆ ಕಾವಲು

ಎಷ್ಟು ನಿಮಿಷಕ್ಕೆ ಮೆತ್ತಗಾಗುತ್ತದೆ ಅಂತ ತಿಳಿಯೋಕೆ ಮೊದಲು ಅಂಗೈ ಅಗಲದ ಗುಂಡು ತುಂಡುಗಳನ್ನು ಕತ್ತರಿಸಿ ಓವನ್ನಿಗೆ ಇಟ್ಟೆ. ಇಪ್ಪತ್ತೋ ಇಪ್ಪತ್ತೈದೋ ಇದ್ದವು. ಕೆಲವು ಅಂಚು ಮುದುರಿಕೊಂಡವು. ಕೆಲವಕ್ಕೆ ನಡುವೆ ಗುಳ್ಳೆ ಎದ್ದವು. ಸೋಪಿನ ನೀರಲ್ಲಿ ತೊಳೆದು, ಮಹಡಿ ಮೇಲೆ ಹಳೇ ಸೀರೆ ಹಾಸಿ ಹರವಿ, ಕೆಲಸಕ್ಕೆ ಹೋದೆ. ಹೆಂಡತಿ ಮಾರ್ಕೆಟ್ಟಿಗೆ ಹೋದಳು.

ಸಂಜೆ ಇಬ್ಬರೂ ಮಹಡಿ ಹತ್ತಿದರೆ ಪಕ್ಕದ ಮನೆಯಾಕೆ ಕೊಡೆ ಬಿಡಿಸಿಕೊಂಡು ಕೂತಿದ್ದಾರೆ. ಕೈಯಲ್ಲಿ ಕೋಲು.

"ಮಧ್ಯಾಹ್ನದಿಂದ ಕಾಗೆ ಓಡಿಸ್ತಾ ಇದ್ದೀನಿ. ಸಬ್ಬಕ್ಕಿ ಹಪ್ಪಳ ಒಣಗೋಕೆ ಹಾಕಿ ಇಬ್ಬರೂ ಎಲ್ಲಿ ಹೋಗಿದ್ರಿ?"

ನಾನು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದಳು.

"ಇವರ ಊರ ಕಡೆ ಹಪ್ಪಳ ಅಕ್ಕಾ. ಬಳ್ಳಾರಿದು."

"ಎಷ್ಟು ತೆಳ್ಳಗೆ ಬಂದಿದೆ! ಇದನ್ನ ಹಿಡಿದು ನೋಡಿದರೆ ಬೀದಿ ಕಾಣುತ್ತೆ. ನಮಗೂ ನಾಲ್ಕು ಕೊಡಮ್ಮ."

"ನಾಲ್ಕು ಯಾಕೆ, ಹತ್ತು ಕಳಿಸ್ತೀನಿ."

ಕೆಳಗಿಳಿದ ಮೇಲೆ ನನ್ನನ್ನು ಸೈಕಲ್ ಹತ್ತಿಸಿ ಅಂಗಡಿಗೆ ಓಡಿಸಿದಳು. ಅಂಗಡಿ ಹಪ್ಪಳ ಹತ್ತು ತಂದು ಕಾಗದದಲ್ಲಿ ಸುತ್ತಿ ಕಳಿಸಿದೆವು. ಮರುದಿನ ಆಕೆ ಬಂದರು. ಮುಖ ಸಣ್ಣದಾಗಿತ್ತು.

"ತಪ್ಪು ತಿಳೀಬೇಡಮ್ಮ. ನೀನು ಕೊಟ್ಟಿದ್ದು ಥೇಟ್ ಅಂಗಡೀದರ ಹಾಗೇ ಇದೆ. ಒಳ್ಳೇದನ್ನೆಲ್ಲ ನಿಮ್ಮನೆಗೇ ಇಟ್ಟುಕೊಂಡ್ರಿ."

೨. ಮೊದಲನೇ ಮುಚ್ಚಳ

ಮೂರು ಭಾನುವಾರ ಕೂತು ಮರದ ಅಚ್ಚು ಕೆತ್ತಿದೆ. ನಾಲ್ಕನೇ ಭಾನುವಾರ ಶೀಟು ಬಿಸಿ ಮಾಡಿದೆ. ಒಂದು ಕಡೆ ನಾನು, ಒಂದು ಕಡೆ ಅವಳು, ಒತ್ತಿ ಹಿಡಿದೆವು. ಆರಿತು. ಬಿಟ್ಟೆವು. ಗುಳ್ಳೆ ಇಲ್ಲ, ಸೊಟ್ಟ ಇಲ್ಲ. ಕನ್ನಡಕದ ಗಾಜಿನ ಹಾಗಿತ್ತು. ಒಂದು ಕಾರಿಗೆ ಹಿಡಿದು ನೋಡಿದೆ. ಕೂರಲಿಲ್ಲ. ಆ ಕಡೆ ತಿರುಗಿಸಿದೆ. ಈ ಕಡೆ ತಿರುಗಿಸಿದೆ. ಆಮೇಲೆ ತಿಳೀತು. ಹಳೇ ಮುಚ್ಚಳವನ್ನು ಮರದ ಮೇಲೆ ಬೋರಲು ಇಟ್ಟು ಗೆರೆ ಎಳೆದುಬಿಟ್ಟಿದ್ದೆ. ಎಡ ಬಲಕ್ಕೆ ಬಂದಿತ್ತು, ಬಲ ಎಡಕ್ಕೆ.

ಮನೆಗೆ ತಂದು ಮೂಲೆಗೆ ಇಟ್ಟೆ. ಅವಳು ನೋಡಿದಳು.

"ಯಾವಾಗಲೂ ರಿವರ್ಸ್ ಹೋಗೋ ಕಾರು ಯಾರದಾದರೂ ಇದೆಯಾ ಕೇಳಿ" ಅಂದಳು.

ಎರಡು ದಿನ ಬಿಟ್ಟು ನೋಡಿದರೆ ಅದು ಅಡುಗೆಮನೆ ಕಟ್ಟೆ ಮೇಲಿದೆ. ಕೆಳಗೆ ಬಾಳೆಹಣ್ಣು.

"ನೊಣ ಕೂರಲ್ಲ, ಒಳಗೆ ಎಷ್ಟು ಉಳಿದಿದೆ ಅಂತಲೂ ಕಾಣುತ್ತೆ. ಈ ಮನೆಗೆ ನೀವು ಮಾಡಿಕೊಟ್ಟ ಒಂದೇ ಒಂದು ಉಪಯೋಗದ ವಸ್ತು."

"ಓವನ್ ಮಾಡಿಕೊಟ್ಟಿದ್ನಲ್ಲ?"

"ಅದನ್ನ ನೀವು ನಿಮಗೆ ಮಾಡಿಕೊಂಡಿದ್ದು. ನಾನು ಎರಡು ದಿನ ಬಾಡಿಗೆಗೆ ತಗೊಂಡಿದ್ದೆ."

೩. ಗುಲಾಬಿ ಹೂವು

ಎರಡನೇದು ಸರಿಯಾಗಿ ಬಂತು. ಅದನ್ನು ಕೊಂಡವರು ಹಾವೇರಿ ಕಡೆಯವರು, ವಿಶಾಖಪಟ್ಟಣದಲ್ಲಿ ನೇವಿಯಲ್ಲಿದ್ದರು. ರಜೆಗೆ ಊರಿಗೆ ಹೊರಟವರ ಕಾರು ಆಟೋನಗರ್‌ಗೆ ಬಂದಿತ್ತು. ನಾನು ಬಿಚ್ಚಿಕೊಳ್ಳದ ಒಂದು ನಟ್ಟನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಕೇಳಿ ಓಡಿ ಬಂದು ಕೈ ಹಿಡಕೊಂಡರು. ಮುಚ್ಚಳ ನೋಡಿ ಕುಣಿದಾಡಿದರು. ಹಾಕಿ ಕಳಿಸಿದೆ.

ಒಂದು ತಿಂಗಳ ಮೇಲೆ ಅದೇ ದಾರಿಯಲ್ಲಿ ಮತ್ತೆ ಬಂದರು. ಬಾನೆಟ್ ಎತ್ತಿದೆ. ಮುಚ್ಚಳವೇ ಕಾಣಲಿಲ್ಲ. ಅದರ ಮೇಲೆ ಬಿಳೀ ಬಟ್ಟೆ. ಅಂಚಿಗೆ ಕ್ರೋಶಾ ಹೆಣಿಗೆ. ನಡುವೆ ಕೆಂಪು ದಾರದಲ್ಲಿ ಗುಲಾಬಿ ಹೂವು.

"ಇದೇನ್ರೀ?"

"ಧೂಳ ಕುಂಡ್ರತೈತ್ರಿ. ಗೀರು ಬಿದ್ದರ ಹೆಂಗ? ಟೀವಿ ಮ್ಯಾಲೆ ಹಾಕಾಕ ತಂದ ಬಟ್ಟಿ ಉಳದಿತ್ತು, ನಮ್ಮನಿಯಾಕಿ ಹೊಲದಾಳ."

"ಬೆಲ್ಟು ಕಾಣಲಿ ಅಂತ ಅಲ್ವಾ ಮಾಡಿದ್ದು?"

"ಕಾಣತೈತಲ್ರಿ. ಬಟ್ಟಿ ಎತ್ತಿದರ ಕಾಣತೈತಿ."

"ಹಂಗಾದರೆ ಹಳೇ ಕರೀ ಮುಚ್ಚಳವೇ ಸಾಕಿತ್ತಲ್ಲ."

ಅವರು ನನ್ನನ್ನು ಕೆಲಸ ತಿಳಿಯದವನ ಹಾಗೆ ನೋಡಿದರು.

"ಛೇ ಛೇ. ಅಂಥಾ ಮುಚ್ಚಳಕ್ಕ ಇಷ್ಟು ಚಂದನ ಬಟ್ಟಿ ಯಾರು ಹಾಕ್ತಾರ್ರೀ?"

೪. ಅರ್ಧ ಬೆರಳು

ಈ ನೇವಿಯವರೇ ಒಂದು ಸಲ ಫೋನು ಮಾಡಿದರು. ಅವರ ಬೀದಿಯಲ್ಲಿ ಒಬ್ಬ ಮುದುಕರು ಇದ್ದಾರಂತೆ. ಅಂಥದೇ ಕಾರಂತೆ. ಮುಚ್ಚಳದ ಮೇಲಿನ ಬಟ್ಟೆ ಎತ್ತಿಸಿ ಅರ್ಧ ಗಂಟೆ ಬಗ್ಗಿ ನೋಡಿದರಂತೆ. ತಮಗೂ ಒಂದು ಬೇಕೇ ಬೇಕು ಅಂತ ಹಟ ಹಿಡಿದಿದ್ದಾರಂತೆ. "ಗೋದಾಮಿನೊಳಗ ಸ್ಟೋರ್‌ಕೀಪರ್ ಇದ್ದರಂತ್ರಿ. ಅಂಗಡಿಯೊಳಗ ತೂಗಿಸಿದ ಬ್ಯಾಳಿ ಮನಿಯೊಳಗ ಮತ್ತ ತೂಗ್ತಾರ. ಕಣ್ಣಿಗೆ ಕಾಣಲಾರದ್ದು ಯಾವುದನ್ನೂ ನಂಬೂದಿಲ್ಲ."

ನಾನು ಮನೆಗೆ ಬಂದು ಇದನ್ನು ಹೇಳಿದೆ. ಅವಳು ಬೀದಿಯ ಹೆಸರು ಕೇಳಿದಳು. ಕಾರಿನ ನಂಬರು ಕೇಳಿದಳು. ಹಿಂಡುತ್ತಿದ್ದ ಬಟ್ಟೆ ಬಕೆಟ್ಟಿಗೆ ಬಿಟ್ಟಳು.

"ನಮ್ಮ ನಾನ್ನಾನೇ" ಅಂದಳು. "ಮಾಡೋನು ಯಾರು ಅಂತ ನೇವಿಯವರು ಹೇಳಿದ್ದಾರಾ?"

"ನಮ್ಮ ಕಡೆಯವನೊಬ್ಬ ಅಂದಿದ್ದಾರೆ, ಅಷ್ಟೇ. ಸಂಬಂಧ ಅವರಿಗೇನು ಗೊತ್ತು?"

"ಗೊತ್ತಾಗೋದೂ ಬೇಡ. ಮಾಡಿ."

ಮಾಡಿದೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಮಾವನ ಕಾರು ಅಲ್ವಾ. ಇನ್ನೇನು ಕೊನೇ ಅಂಚು ಒತ್ತಬೇಕು, ಅವಳು ತಡೆದಳು.

"ಈ ಅಂಚು ಅರ್ಧ ಬೆರಳು ಮೇಲೆ ನಿಲ್ಲಲಿ."

"ಕೂರಲ್ಲ ಕಣೇ."

"ಕೂರಬಾರದು. ಸರಿ ಹೋಗದಿದ್ದರೆ ಈ ವಿಳಾಸಕ್ಕೆ ಬನ್ನಿ ಅಂತ ಚೀಟಿ ಇಡಿ. ಸರಿ ಮಾಡಿಸದೆ ಬಿಡೋ ಮನುಷ್ಯ ಅಲ್ಲ ಅವರು. ತಾವೇ ಬರ್ತಾರೆ."

ನನಗೆ ಸಿಟ್ಟು ಬಂತು. ಬೇರೆ ಏನು ಬೇಕಾದರೂ ಕೇಳು, ಕೆಲಸ ಕೆಡಿಸು ಅನ್ನಬೇಡ ಅಂದೆ. "ನಿಮ್ಮಪ್ಪ ಏನಂತಾರೆ? ಅಳಿಯನ ಕೆಲಸ ಸೊಟ್ಟ ಅಂತಾರೆ."

"ಎಂಟು ವರ್ಷದಿಂದ ಏನು, ನೆಟ್ಟಗಿದೆ ಅಂತಿದ್ದಾರಾ?" ಅಂದಳು.

ಅಂಚು ಅರ್ಧ ಬೆರಳು ಮೇಲೆ ನಿಂತಿತು.

೫. ಆರುವ ತನಕ

ಮುಚ್ಚಳ ಕೂರಲಿಲ್ಲವಂತೆ. ಚೀಟಿಯಲ್ಲಿ ಮಗಳ ಮನೆಯ ವಿಳಾಸ ಓದಿ ಮಾವ ಕೂಗಾಡಿದರಂತೆ. "ಮುಚ್ಚಳ ನೋಡಿದಾಗಲೇ ನನಗೆ ತಿಳೀಬೇಕಿತ್ತು" ಅಂದರಂತೆ. ಮುಂದಿನ ಭಾನುವಾರ ಬೆಳಗಾಗುವ ಮುಂಚೆ ಹೊರಟರು. ಸಿಟ್ಟಿನಲ್ಲಿ ದಾರಿಯಲ್ಲಿ ಎಲ್ಲೂ ನಿಲ್ಲಿಸಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬಂದು ಕಾರು ನಿಲ್ಲಿಸಿದರು. ಒಂದು ಕೈಯಲ್ಲಿ ಮುಚ್ಚಳ, ಒಂದು ಕೈಯಲ್ಲಿ ನೀರಿನ ಬಾಟಲಿ. ಬಾಟಲಿ ಖಾಲಿ.

ನನ್ನ ಜೊತೆ ಅವರು ನೇರ ಮಾತಾಡುತ್ತಿರಲಿಲ್ಲ. ಎಲ್ಲಾ ಮಗಳ ಮೂಲಕ, ತೆಲುಗಿನಲ್ಲಿ. "ನಿನ್ನ ಗಂಡನಿಗೆ ಹೇಳು, ಇದನ್ನ ನನ್ನ ಕಣ್ಣೆದುರೇ ಸರಿ ಮಾಡಬೇಕು."

ಅವಳು ನನ್ನ ಕಡೆ ತಿರುಗಿದಳು. "ಕಣ್ಣೆದುರೇ ಸರಿ ಮಾಡಬೇಕಂತೆ."

ಅಡುಗೆಮನೆ ತುಂಬ ವಾಸನೆ. ಗಟ್ಟಿ ಬೇಳೆಯ ಮುದ್ದೆಪಪ್ಪು, ಪುಂಡಿ ಸೊಪ್ಪಿನ ಗೋಂಗೂರ ಪಚ್ಚಡಿ, ಆಗ ತಾನೇ ಕಾಸಿದ ತುಪ್ಪ. ಮಾವ ಮೂಗಿಗೆ ಟವೆಲ್ ಒತ್ತಿಕೊಂಡು ನಿಂತರು. ಪ್ಲಾಸ್ಟಿಕ್ ವಾಸನೆ ಆಗಲ್ಲ ಅಂದರು. ಪ್ಲಾಸ್ಟಿಕ್ಕನ್ನು ನಾನಿನ್ನೂ ಓವನ್ನಿಗೆ ಇಟ್ಟಿರಲಿಲ್ಲ.

ಇಟ್ಟೆ. ಮೆತ್ತಗಾಯಿತು. ಅಚ್ಚಿನ ಮೇಲೆ ಹಾಸಿದೆ. "ಬಾ, ಆ ಕಡೆ ಹಿಡಿ" ಅಂದೆ.

"ನನ್ನ ಕೈ ಬೆಳಿಗ್ಗೆಯಿಂದ ಉಳುಕಿದೆ" ಅಂದಳು. "ನಾನ್ನಾ, ನೀವೇ ಹಿಡೀರಿ. ಬೇಗ. ಆರಿಬಿಟ್ಟರೆ ಮತ್ತೆ ಸೊಟ್ಟ ಆಗುತ್ತೆ."

ಮಾವನಿಗೆ ಯೋಚಿಸೋಕೆ ಸಮಯ ಇರಲಿಲ್ಲ. ಅವಳೇ ಅವರ ಎರಡು ಕೈಗೂ ಬಟ್ಟೆ ಸುತ್ತಿದಳು. ಅವರು ಆ ಕಡೆ ಒತ್ತಿ ಹಿಡಿದರು, ನಾನು ಈ ಕಡೆ. ಎದುರೆದುರು. ಮೂಗಿಗೆ ಮೂಗು ಒಂದು ಗೇಣು. ಅಷ್ಟು ಹತ್ತಿರದಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಇಬ್ಬರೂ ಪ್ಲಾಸ್ಟಿಕ್ ನೋಡಿದೆವು.

"ಎಷ್ಟು ಹೊತ್ತು ಅಂತ ಕೇಳು" ಅಂದರು ಮಾವ.

"ಹತ್ತು ನಿಮಿಷ ಅಂತ ಹೇಳು" ಅಂದೆ ನಾನು.

ಅವಳು ಒಲೆಯ ಕಡೆ ಹೋದಳು. ತಟ್ಟೆಗೆ ಅನ್ನ ಹಾಕಿದಳು. ಪಪ್ಪು ಹಾಕಿದಳು. ತುಪ್ಪ ಸುರಿದಳು. ಕಲಸುತ್ತಾ ಬಂದು ಅಪ್ಪನ ಪಕ್ಕ ನಿಂತಳು.

"ಏಯ್ ಅಮ್ಮಾಯಿ, ಏನಿದು? ಕೈ ಉಳುಕಿದೆ ಅಂದೆ?"

"ಕಲಸೋಕೆ ಆಗುತ್ತೆ ನಾನ್ನಾ. ಹಿಡಿಯೋಕೆ ಆಗಲ್ಲ."

"ನಾನು ಈ ಮನೆಯಲ್ಲಿ..." ಅಂತ ಬಾಯಿ ತೆರೆದರು. ತೆರೆದ ಬಾಯಿಗೆ ತುತ್ತು ಇಟ್ಟಳು.

ಉಗುಳೋ ಹಾಗಿಲ್ಲ, ಕೆಳಗೆ ಮುಚ್ಚಳ. ಕೈ ಬಿಡೋ ಹಾಗಿಲ್ಲ, ಅಂಚು ಏಳುತ್ತೆ. ಮುಖ ತಿರುಗಿಸಿದರು. ಅವಳು ಆ ಕಡೆ ಹೋಗಿ ನಿಂತಳು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ. ದವಡೆ ಒಂದು ಸಲ ಆಡಿತು. ಆಮೇಲೆ ಇನ್ನೊಂದು ಸಲ. ನುಂಗಿದರು. ಮತ್ತೆ ಬೈಯೋಕೆ ಬಾಯಿ ತೆರೆದರು. ಎರಡನೇ ತುತ್ತು. ಅದರಲ್ಲಿ ಗೋಂಗೂರ ಇತ್ತು. ಮೂರನೇದಕ್ಕೆ ಬೈಯದೇ ಬಾಯಿ ತೆರೆದರು.

ಅವಳ ಕಣ್ಣಲ್ಲಿ ನೀರು. ತುಟಿ ಕಚ್ಚಿ ನಗು ತಡೀತಿದ್ದಳು. ಎರಡೂ ಒಟ್ಟಿಗೇ ನಡೀತಿತ್ತು. ನಾನು ತಲೆ ತಗ್ಗಿಸಿ ಅಂಚು ಒತ್ತುತ್ತಾ ಇದ್ದೆ.

ಪಪ್ಪು ಮುಗೀತು. ಪುಳುಸು, ಅಂದರೆ ಹುಳಿ, ಬಂತು. ಪುಳುಸು ಮುಗಿದು ಚಾರು, ಅಂದರೆ ನಮ್ಮ ಸಾರು, ಬಂತು. ನನ್ನ ಬೆರಳಿನ ಕೆಳಗೆ ಪ್ಲಾಸ್ಟಿಕ್ ತಣ್ಣಗಾಗಿ ಕಲ್ಲಾಗಿತ್ತು. ಅಂಚು ಕೂದಲೆಳೆಯಷ್ಟೂ ಎದ್ದಿರಲಿಲ್ಲ. ನಾನು ಕೈ ತೆಗೆದೆ. ಮಾವ ತೆಗೆಯಲಿಲ್ಲ. ಇನ್ನೂ ಜೋರಾಗಿ ಒತ್ತಿ ಹಿಡಿದರು. ಪಾಪ, ಗೊತ್ತಾಗಿಲ್ಲವೇನೋ ಅಂದುಕೊಂಡೆ.

"ಮಾವಯ್ಯಗಾರು" ಅಂದೆ ಮೆಲ್ಲಗೆ, "ಅದು ಆಗಲೇ ಆರಿದೆ. ನೀವು ಕೈ ಬಿಡಬಹುದು."

ಮಾವ ಬಾಗಿಲ ಕಡೆ ನೋಡಿದರು. ಅವಳು ಪಕ್ಕದ ಕೋಣೆಗೆ ಹೋಗಿದ್ದಳು. ನನ್ನ ಕಡೆ ತಿರುಗಿದರು. ಎಂಟು ವರ್ಷದಲ್ಲಿ ಮೊದಲನೇ ಸಲ ಮಗಳ ಮೂಲಕ ಅಲ್ಲದೆ ನನಗೇ ನೇರವಾಗಿ, ಹಲ್ಲು ಕಚ್ಚಿ ಹೇಳಿದರು:

"ಸುಮ್ಮನಿರಯ್ಯ. ಇನ್ನೂ ಮೊಸರನ್ನ ಬರಬೇಕು."