ಅರಮನಿ ಇದ್ದಂಗ ಇರ್ಬೇಕ್ರಿ, ರಿಮೋಟಿಗೆ ಕೇಳ್ಬೇಕ್ರಿ

ಮನೆಯೊಳಗಿನ ಅಲಂಕಾರ ನನ್ನ ಕಸುಬು. ರಾಯದುರ್ಗದ ಬಜಾರಿನಲ್ಲಿ ಒಂದು ರೂಮು, ಅದೇ ಆಫೀಸು. ಈಚೆಗೆ ನಮ್ಮ ಕಡೆ ವಿಲ್ಲಾ ಕಟ್ಟಿಸುವವರು ಹೆಚ್ಚಾಗಿದ್ದಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಅರಮನಿ ಇದ್ದಂಗ ಇರ್ಬೇಕ್ರಿ ಮೇಡಂ, ಆದ್ರ ರಿಮೋಟಿಗೆ ಕೇಳ್ಬೇಕು." ಅರಮನೆಗೂ ರಿಮೋಟಿಗೂ ಗಂಟು ಹಾಕಲು ಹೊರಟ ಮೇಲೆ, ನಗುವಂಥದ್ದು ಏನೂ ಆಗದೆ ಮುಗಿದ ಮನೆ ಇದುವರೆಗೆ ಒಂದೂ ಇಲ್ಲ.

ತಗ್ಗು ಬಾಗಿಲು

ಊರ ಹೊರಗೆ ಜೀನ್ಸ್ ಪ್ಯಾಂಟು ಹೊಲಿಸುವ ಸಾಹುಕಾರರೊಬ್ಬರ ವಿಲ್ಲಾ. ಬಳ್ಳಾರಿಯಲ್ಲಿ ಕೆಡವುತ್ತಿದ್ದ ಹಳೇ ಮನೆಯೊಂದರಿಂದ ಕೆತ್ತನೆಯ ತೇಗದ ಬಾಗಿಲು ತಂದು ಕೂರಿಸಿದೆ. ಗಿಣಿ, ಬಳ್ಳಿ, ಕಮಲ, ಎಲ್ಲವೂ ಇದ್ದವು. ಎತ್ತರ ಮಾತ್ರ ಇರಲಿಲ್ಲ. ಸಾಹುಕಾರರು ಒಳ್ಳೇ ಎತ್ತರದ ಆಳು. ನೋಡಲು ಬಂದವರೇ ಹಣೆ ಬಡಿಸಿಕೊಂಡರು.

"ಹಿಂದಿನೋರು ಬೇಕಂತಾನ ಹಿಂಗ ಮಾಡ್ತಿದ್ರು ಸರ್, ಒಳಗ ಬರೋರು ತಲಿ ಬಗ್ಗಿಸಿ ಬರ್ಲಿ ಅಂತ," ಎಂದು ಸಮಾಧಾನ ಹೇಳಿದೆ.

"ಬಂದೋರು ಬಗ್ಗಸ್ಲಿ. ನನ್ನ ಮನಿಯಾಗ ನಾ ಯಾಕ ತಲಿ ಬಗ್ಗಸ್ಬೇಕ್ರಿ?" ಅಂದರು ಹಣೆ ಉಜ್ಜಿಕೊಳ್ಳುತ್ತಾ.

ಅಡುಗೆಮನೆಯ ಟೈಲ್ಸ್ ನೋಡುತ್ತಿದ್ದ ಅವರ ಹೆಂಡತಿ ಇತ್ತ ತಿರುಗಲೂ ಇಲ್ಲ. "ಇಷ್ಟು ವರ್ಷ ಬಾಗಿಲಿಲ್ದಾನ ಬಗ್ಗಸ್ತಿದ್ರಿ. ಈಗ ಮಂದಿಗೆ ಹೇಳಾಕ ಒಂದು ಬಾಗಿಲಾದ್ರೂ ಆತು."

ಬಾಗಿಲು ಅಲ್ಲೇ ಉಳಿಯಿತು.

ಕೋಟೆ ಗೋಡೆ

ಮಡಕಶಿರದಲ್ಲಿ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರಿಗೆ ಬೆಟ್ಟದ ಮೇಲಿನ ಕೋಟೆ ಮನೆಯ ಹಾಲ್‌ನೊಳಗೇ ಬೇಕಾಗಿತ್ತು. ಟಿ.ವಿ. ಹಿಂದಿನ ಗೋಡೆಗೆ ಒರಟು ಕಲ್ಲು ಕೂರಿಸಿದೆವು. ಉಳಿದದ್ದೆಲ್ಲ ಗಾಜು, ನುಣುಪು, ಬಿಳುಪು. ನನಗೇ ಹೆಮ್ಮೆಯಾಗಿತ್ತು.

ಅಗಳಿಯಿಂದ ವ್ಯಾಪಾರಿಯ ಸೋದರಮಾವ ಮನೆ ನೋಡಲು ಬಂದರು. ಗೋಡೆಯ ಮುಂದೆ ಬಹಳ ಹೊತ್ತು ನಿಂತು, ನನ್ನನ್ನು ಪಕ್ಕಕ್ಕೆ ಕರೆದರು.

"ನನ್ನ ಅಳಿಯ ಮಾನಸ್ಥ ಕಣವ್ವ. ಯಾರತ್ರಾನೂ ಕೈ ಚಾಚಲ್ಲ. ಗಾರೆ ಮಾಡ್ಸಕ್ಕಾಗ್ದೆ ಗೋಡೆ ಹಂಗೇ ನಿಂತೈತೆ ಅಂತ ನಮಗೆ ಗೊತ್ತಾಗಲ್ವಾ?"

"ಇಲ್ಲ ಯಜಮಾನ್ರೆ, ಇದು ಡಿಸೈನು. ಬೇಕಂತಲೇ ಹಿಂಗೆ ಮಾಡಿದ್ದು."

ಅವರು ನನ್ನನ್ನು ಕರುಣೆಯಿಂದ ನೋಡಿದರು. "ನೀನೂ ಒಳ್ಳೇಳು. ಅವನ ಮಾನ ಬಿಟ್ಟುಕೊಡಲ್ಲ."

ಮರುದಿನ ವ್ಯಾಪಾರಿ ಹಿಂದೂಪುರಕ್ಕೆ ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಬಾಗಿಲ ಮುಂದೆ ಸಿಮೆಂಟ್ ಹೇರಿದ್ದ ಆಟೋ ನಿಂತಿತ್ತು. ಒಳಗೆ ಮೇಸ್ತ್ರಿ ಎದೆಮಟ್ಟದವರೆಗೆ ಕೋಟೆಗೆ ಗಾರೆ ಬಳಿದು ಕನ್ನಡಿಯಂತೆ ನಯಮಾಡಿದ್ದ. ಸೋದರಮಾವ ನಿಂತು ಮಾಡಿಸುತ್ತಿದ್ದರು. ಮನೆಯಾಕೆ, ದೊಡ್ಡವರಿಗೆ ಏನು ಹೇಳುವುದೆಂದು ತಿಳಿಯದೆ, ಎಲ್ಲರಿಗೂ ಕಾಫಿ ಕೊಡುತ್ತಿದ್ದರು.

ಸಂಜೆ ವ್ಯಾಪಾರಿ ಬಂದು ನೋಡಿದರು. ಮೇಲೆ ಕಲ್ಲು, ಕೆಳಗೆ ಗಾರೆ. ಮಾವನ ಮನಸ್ಸು ನೋಯಿಸುವ ಹಾಗಿಲ್ಲ. ನನ್ನ ಕಡೆ ತಿರುಗಿ, "ಹಳೇದೂ ಹೊಸದೂ ಸೇರಿರ್ಬೇಕು ಅಂದಿದ್ದು ನಿಜ ಮೇಡಂ. ಹಿಂಗೆ ಸಮಪಾಲು ಮಾಡ್ತೀರಾ ಅಂದ್ಕೊಂಡಿರ್ಲಿಲ್ಲ," ಅಂದರು.

ಹೋದ ತಿಂಗಳು ಪಾವಗಡದವರೊಬ್ಬರು ಅದೇ ಗೋಡೆಯ ಫೋಟೋ ಹಿಡಿದು ಬಂದಿದ್ದರು. ನಮಗೂ ಇಂಥದ್ದೇ ಬೇಕಂತೆ.

ದೀಪಾ

ಮಡಕಶಿರದ ಅದೇ ಮನೆಗೆ ಹಳೇ ಕಾಲದ ತೂಗುದೀಪದಂಥ ಲೈಟುಗಳನ್ನು ಹಾಕಿದೆ. ಸ್ವಿಚ್ಚಿಲ್ಲ, "ದೀಪಾ" ಅಂದರೆ ಸಾಕು, ಹತ್ತುತ್ತವೆ. ಆ ಮನೆಯ ಸೊಸೆಯ ಹೆಸರೂ ಅದೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಕರೆದಾಗಲೆಲ್ಲ ಹಗಲು ಹೊತ್ತಿನಲ್ಲೂ ಮನೆತುಂಬ ಬೆಳಕು.

"ಬೇರೆ ಪದ ಇಟ್ಟುಕೊಡ್ತೀನಿ ಅಮ್ಮಾ," ಅಂದೆ.

"ಬ್ಯಾಡ ಬಿಡವ್ವ. ಕರುದ್ರೆ ಯಾರೋ ಒಬ್ರು ಬರ್ತಾರಲ್ಲ," ಅಂದರು ಅತ್ತೆ.

ಗೋಡೆ ಮೇಲಿನ ಮುತ್ತಾತ

ಮತ್ತೆ ಜೀನ್ಸ್ ಸಾಹುಕಾರರ ಮನೆ. ಹಾಲಿನ ನಡುಗೋಡೆ ಖಾಲಿ ಇತ್ತು. "ಅರಮನ್ಯಾಗ ಹಿರೇರ ಫೋಟೋ ಇರ್ತಾವಲ್ರಿ, ಹಂಥದ್ದೊಂದು ಹಾಕ್ರಿ," ಅಂದರು. ಅವರ ಮನೆಯಲ್ಲಿ ಹಿರಿಯರ ಫೋಟೋ ಒಂದೂ ಇರಲಿಲ್ಲ.

"ಯಾರ್ದಾದ್ರೂ ನಡೀತೈತ್ರಿ. ರುಮಾಲು ಇರ್ಬೇಕು, ಮೀಸಿ ದಪ್ಪ ಇರ್ಬೇಕು."

ಬಳ್ಳಾರಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ದೊಡ್ಡ ಎಣ್ಣೆಬಣ್ಣದ ಚಿತ್ರ, ಜರಿ ರುಮಾಲು, ಬೆಳ್ಳಿ ಹಿಡಿಯ ಬೆತ್ತ, ಹುರಿ ಮೀಸೆ. ಗೋಡೆ ಏರಿದ ಮೇಲೆ ಆತ ಸಾಹುಕಾರರ ಮುತ್ತಾತನಾದ. ಸಾಹುಕಾರರ ತಾಯಿ ಗಂಡನ ತಾತನನ್ನು ಕಂಡವರಲ್ಲ. ಮಗನ ಮಾತು ನಂಬಿ ದಿನಾ ಹೂ ಏರಿಸತೊಡಗಿದರು.

ಆ ಹೊತ್ತಿಗೆ ಸಾಹುಕಾರರ ಮಗನಿಗೆ ಡಿ. ಹಿರೇಹಾಳ್ ಕಡೆಯ ಹುಡುಗಿ ಒಪ್ಪಿಗೆಯಾಗಿದ್ದಳು. ಹುಡುಗನಂತೂ ಆಗಲೇ ಫೋನು ಕಿವಿಯಿಂದ ಇಳಿಸುತ್ತಿರಲಿಲ್ಲ. ಹುಡುಗಿಯ ತಾತ, ಅಜ್ಜಿ ಮನೆ ನೋಡಲು ಬಂದ ದಿನ ನಾನೂ ಇದ್ದೆ. ತಾತ ಒಳಗೆ ಬಂದವರೇ ಚಿತ್ರದ ಮುಂದೆ ನಿಂತುಬಿಟ್ಟರು.

"ನಮ್ಮ ಮುತ್ತಾತ್ರಿ," ಅಂದರು ಸಾಹುಕಾರರು. "ಕುದುರಿ ಮ್ಯಾಲೆ ಓಡಾಡ್ತಿದ್ರಂತ."

"ಖರೇನಾ ನಿಮ್ಮ ಮುತ್ತಾತ?"

"ಸ್ವಂತ ಮುತ್ತಾತ್ರಿ."

ಹಿರಿಯರು ಮೆಲ್ಲಗೆ ಸೋಫಾದಲ್ಲಿ ಕೂತರು. "ಹಂಗಾದ್ರ ಈ ಸಂಬಂಧ ಆಗೂದಿಲ್ರಿ. ಈ ಫೋಟೋ ನಮ್ಮ ಹಳೇ ಮನಿಯಾಗಿತ್ತು. ಇವ್ರು ನಮ್ಮ ತಾತ. ಅಂದ್ರ ನಾವು ನೀವು ದಾಯಾದಿಗಳು. ಹುಡುಗ, ಹುಡುಗಿ ಅಣ್ಣ ತಂಗಿ."

ಬಾಗಿಲ ಹತ್ತಿರ ನಿಂತಿದ್ದ ಹುಡುಗನ ಮುಖ ಬಿಳಿಚಿತು. ಸಾಹುಕಾರರು ಗಾಬರಿಯಾದರೆ ತೆಲುಗಿಗೆ ಜಾರುವವರು. "ಕಾದಂಡಿ, ಕಾದು. ಮಾ ತಾತ ಕಾದು, ನಮ್ಮ ತಾತ ಅಲ್ರಿ," ಎಂದು ನನ್ನ ಕಡೆ ಕೈ ತೋರಿಸಿದರು. "ಮೇಡಂ, ಎಲ್ಲಿ ತಂದ್ರಿ ಹೇಳ್ರಿ."

"ಬಳ್ಳಾರಿ ಗುಜರಿ ಅಂಗಡಿಯಾಗ ತಂದಿದ್ದು," ಅಂದೆ.

ಹಿರಿಯರಿಗೆ ಸಮಾಧಾನವಾಗುವುದರ ಬದಲು ಸಿಟ್ಟು ಬಂತು. "ನಮ್ಮ ತಾತನ್ನ ಗುಜರಿಗೆ ಹಾಕಿದೋರು ಯಾರು?"

"ನಾನಾ ಹಾಕ್ಸೀನಿ," ಅಂದರು ಹಿರಿಯರ ಹೆಂಡತಿ, ಪೇಣಿ ಸಿಹಿಯ ತಟ್ಟೆ ಕೆಳಗಿಡುತ್ತಾ. "ಅವ ನಿಮ್ಮ ತಾತ ಅಲ್ಲ. ನಮ್ಮ ತವರಿನೋರು ವರ ನೋಡಾಕ ಬರ್ತಾರಂತ ನಿಮ್ಮಪ್ಪ ಎಲ್ಲಿಂದಲೋ ತಂದು ತೂಗಿ ಹಾಕಿದ್ದ. ನಿಮ್ಮವ್ವ ಕಣ್ಣು ಮುಚ್ಚೋ ಮುಂದ ನನಗ ಹೇಳಿದ್ಲು. ಮನಿ ಕೆಡವುವಾಗ ಇನ್ನೆಷ್ಟು ದಿನ ಇಟ್ಕೊಳ್ಳಾದು ಅಂತ ಕೊಟ್ಟೆ."

ಸಾಹುಕಾರರ ತಾಯಿ ಚಿತ್ರವನ್ನೇ ದಿಟ್ಟಿಸಿ ನೋಡಿದರು.

"ಮೊನ್ನಿ ಅಮಾಸಿಗೆ ಇವಗ ಹೋಳಿಗಿ ಎಡಿ ಹಿಡ್ದೀನ್ರಿ ನಾನು."

"ನಾವೂ ವರ್ಷಾ ಹಿಡೀತಿದ್ವಿ," ಅಂದರು ಹಿರಿಯರು, ತಗ್ಗಿದ ದನಿಯಲ್ಲಿ.

"ಯಾರ ಮನಿ ಹಿರೇನೋ ಏನೋ. ಎರಡು ಮನಿ ಹೋಳಿಗಿ ತಿಂದ, ಎರಡು ಲಗ್ನಾನೂ ಮಾಡ್ಸಿದ," ಎಂದು ಸಾಹುಕಾರರ ತಾಯಿ ಎದ್ದು ನಿಂತರು. "ಬರ್ರಿ ಬೀಗರ, ನಾವೂ ಉಣ್ಣೋಣು. ಅವನೊಬ್ಬನ ಉಣ್ಣಬೇಕೇನು?"