ಸ್ಟಾರ್ಟರಿಗೂ ಆಯುಧಪೂಜೆ

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಆಮೇಲೆ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಸೇರಿ, ಸ್ಪಾನರ್ ಹಿಡಿಯುವುದನ್ನು ಮರೆತಿದ್ದರೂ ಡಿಗ್ರಿಯ ಜಂಬ ಹಾಗೇ ಉಳಿದಿತ್ತು. ಹೀಗಾಗಿ ನಮ್ಮ ಮುದಿ ಪಿಕಪ್ ಟ್ರಕ್ಕು ಆಯುಧಪೂಜೆಯ ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಟಕ್' ಎಂದು ಸುಮ್ಮನಾದಾಗ ನಾನು ಹೆದರಲಿಲ್ಲ. ಹೆದರಿದವಳು ನನ್ನ ಹೆಂಡತಿ ಸುಧಾ.

ಅದಕ್ಕೆ ಕಾರಣವಿತ್ತು. ಅಂದು ಸಂಜೆ ಸ್ಯಾನ್ ಡಿಯಾಗೋದ ಕನ್ನಡಿಗರ ದಸರಾ ಕಾರ್ಯಕ್ರಮದಲ್ಲಿ ರಾಜದರ್ಬಾರಿನ ನಾಟಕ. ಅದಕ್ಕಾಗಿ ಸುಧಾ ಡೈಮಂಡ್ ಬಾರ್ ಎಂಬ ಊರಿನ ನಮ್ಮ ಮನೆಯ ಗರಾಜಿನಲ್ಲಿ ಇಡೀ ಬೇಸಿಗೆ ಕೂತು, ಪ್ಲೈವುಡ್ ಕೊಯ್ದು, ಚಿನ್ನದ ಬಣ್ಣ ಬಳಿದು ಒಂದು ಸಿಂಹಾಸನ ಮಾಡಿದ್ದಳು. ಅದು ಯಾವ ಕಾರಿನಲ್ಲೂ ಹಿಡಿಸುವುದಿಲ್ಲ. ಟ್ರಕ್ಕೇ ಗತಿ.

"ರೀ, ಸ್ಟಾರ್ಟರ್ ಹೋಗ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ ಅಂತ ಎಷ್ಟು ಸಲ ಬಡ್ಕೊಂಡೆ!"

"ಮನೇಲೇ ಇಂಜಿನಿಯರ್ ಇರೋವಾಗ ಮೆಕ್ಯಾನಿಕ್ ಯಾಕೆ? ಊಟದ ಹೊತ್ತಿಗೆ ರೆಡಿ!"

ಅಂಗಡಿಗೆ ಕಾರಿನಲ್ಲಿ ಹೋಗಿ ಸ್ಟಾರ್ಟರ್ ಮೋಟಾರು ತಂದೆ. ಹಳೆಯದನ್ನೇ ದುರಸ್ತಿ ಮಾಡಿ ಮಾರುವ ಮಾಲು, ನೋಡಲು ಮಂಕು ಬೂದು ಬಣ್ಣ. ಚಕ್ರಕ್ಕೆ ಇಟ್ಟಿಗೆ ಕೊಟ್ಟು ಟ್ರಕ್ಕಿನ ಅಡಿಗೆ ನುಸುಳಿದೆ. ಬ್ಯಾಟರಿಯ ತಂತಿ ಮೊದಲು ಬಿಚ್ಚಬೇಕೆಂಬುದು ದೀಪಾವಳಿಯಂತೆ ಕಿಡಿ ಹಾರಿದಾಗ ನೆನಪಾಯಿತು! ಕೊನೆಯ ಬೋಲ್ಟನ್ನು ನಾನು ಬಿಚ್ಚಿದೆ ಎನ್ನುವುದಕ್ಕಿಂತ ಅದೇ ಬೇಸತ್ತು ಬಿಚ್ಚಿಕೊಂಡಿತು ಎನ್ನಬೇಕು. ಮೋಟಾರು ನೇರವಾಗಿ ನನ್ನ ಎದೆಯ ಮೇಲೆ ಬಿತ್ತು.

ಅರ್ಧ ಯುದ್ಧ ಗೆದ್ದ ಸಂತೋಷದಲ್ಲಿ ಗ್ರೀಸ್ ತೊಳೆದುಕೊಳ್ಳಲು ಸ್ನಾನಕ್ಕೆ ಹೋದೆ. ಅಲ್ಲಿ ಹಾಡೂ ಹಾಡಿದೆ. ಹೊರಗೆ ಬಂದು ನೋಡುತ್ತೇನೆ, ನನ್ನ ಸ್ಪಾನರು, ಸುತ್ತಿಗೆ, ಸ್ಕ್ರೂಡ್ರೈವರುಗಳೆಲ್ಲ ದೇವರ ಮುಂದೆ ಸಾಲಾಗಿ ಕುಂಕುಮ ಹಚ್ಚಿಕೊಂಡು ಕೂತಿವೆ! ಜೊತೆಗೆ ಎರಡು ಸ್ಟಾರ್ಟರುಗಳು, ತಲೆಯ ಮೇಲೊಂದೊಂದು ಚೆಂಡುಹೂವು. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದರು.

"ಅತ್ತೆ, ಆ ಸ್ಪಾನರ್ ಬೇಕಿತ್ತು..."

"ಏನಂದ್ರಿ ಅಳಿಯಂದಿರೇ? ಪೂಜೆಗಿಟ್ಟ ಆಯುಧ ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ವಿಜಯದಶಮಿ, ನಾಳೆ ತಗೊಳ್ಳಿ."

"ನಾಟಕ ಇವತ್ತು, ಅತ್ತೆ!"

ಸುಧಾಳ ಕಣ್ಣು ಆಗಲೇ ತುಂಬಿತ್ತು. ಆಗ ನೆರವಿಗೆ ಬಂದವರು ಪಕ್ಕದ ಮನೆಯ ಸಾದಿಕ್ ಸಾಹೇಬರು. ಅವರೂ ಮೈಸೂರಿನವರೇ. ಇಲ್ಲಿ ಜವಳಿ ವ್ಯಾಪಾರ.

"ನನ್ನ ಸ್ಪಾನರ್‌ಗೆ ಪೂಜೆ ಆಗಿಲ್ಲವಲ್ಲ ಅಮ್ಮಾ, ಅದು ನಡೆಯುತ್ತಾ?" ಎಂದು ವಿನಯವಾಗಿ ಕೇಳಿದರು.

ಅತ್ತೆ ಸುಪ್ರೀಂ ಕೋರ್ಟಿನಂತೆ ಯೋಚಿಸಿ, "ನಡೆಯುತ್ತೆ. ಮೋಟಾರೂ ತಗೊಳ್ಳಿ, ಅದು ಆಯುಧ ಅಲ್ಲ, ಗಾಡಿಯ ಅಂಗ," ಎಂದು ತೀರ್ಪು ಕೊಟ್ಟರು.

ನಾನು ತಡಮಾಡಲಿಲ್ಲ. ಎರಡರಲ್ಲಿ ಫಳಫಳ ಹೊಳೆಯುತ್ತಿದ್ದ ಮೋಟಾರನ್ನು ಎತ್ತಿಕೊಂಡು ಮತ್ತೆ ಟ್ರಕ್ಕಿನ ಅಡಿಗೆ ಹೋದೆ. ಸಾದಿಕ್ ಸಾಹೇಬರು ಹೊರಗಿನಿಂದ ಟಾರ್ಚ್ ಬಿಟ್ಟರು, ಹೆಚ್ಚಾಗಿ ನನ್ನ ಕಣ್ಣಿಗೆ. ಅಂತೂ ಕೆಲಸ ಮುಗಿಯಿತು! ಸಿಂಹಾಸನ ಏರಿಸಿ ಕಟ್ಟಿದೆವು. ಅತ್ತೆ ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ನಾನು ಕೀಲಿ ತಿರುಗಿಸಿದೆ.

ಟಕ್.

"ಅಂಗಡಿಯವನು ಕೆಟ್ಟ ಮಾಲು ಕೊಟ್ಟಿದ್ದಾನೆ!" ಎಂದು ಗುಡುಗಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಳು ಸುಧಾ.

ಅತ್ತೆ ಬಾಗಿ ಟ್ರಕ್ಕಿನ ಕೆಳಗೆ ಇಣುಕಿದರು. "ಅಯ್ಯೋ ರಾಮ, ಇದ್ಯಾಕೆ ಹಾಕಿದ್ರಿ? ಇದು ನೀವು ಬಿಚ್ಚಿದ ಹಳೇದಲ್ವಾ? ಪೂಜೆಗೆ ಗಲೀಜು ಇಡಬಾರದು ಅಂತ ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಹೊಸದು ದೇವರ ಹತ್ರಾನೇ ಇದೆ."

ಸಾದಿಕ್ ಸಾಹೇಬರು ಬೇರೆ ಕಡೆ ತಿರುಗಿ ಕೆಮ್ಮಿದರು. ಆ ಕೆಮ್ಮಿನಲ್ಲಿ ನಗುವೇ ಜಾಸ್ತಿ ಇತ್ತು.

ಮತ್ತೆ ಬಿಚ್ಚಿ ಹಾಕಲು ಹೊತ್ತಿರಲಿಲ್ಲ. ಸುಧಾ ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿದಳು. "ಇದು ಗೇರ್ ಗಾಡಿ ತಾನೇ? ರಸ್ತೆ ಇಳಿಜಾರು ತಾನೇ? ತಳ್ಳಿ ಸ್ಟಾರ್ಟ್ ಮಾಡೋಣ. ಇಂಜಿನಿಯರಿಗೆ ಇದು ಬೆಳಿಗ್ಗೇನೇ ಹೊಳೀಬಾರದಿತ್ತಾ?"

ಹೊಳೆದಿರಲಿಲ್ಲ.

ಇಟ್ಟಿಗೆ ತೆಗೆದು, ತಾಯಿ ಮಗಳು ಮತ್ತು ಸಾದಿಕ್ ಸಾಹೇಬರು "ಐಸಾ!" ಎಂದು ತಳ್ಳಿದರು. ನಿಂಬೆಹಣ್ಣು ಪಚಕ್ಕೆಂದವು. ಕ್ಲಚ್ ಬಿಟ್ಟೆ. ಟ್ರಕ್ಕು ಒಮ್ಮೆ ಬಿಕ್ಕಳಿಸಿ ಎದ್ದೇಬಿಟ್ಟಿತು! ಓಡಿಬಂದು ಹತ್ತಿದ ಅಮ್ಮ ಮಗಳ ಜೊತೆ ಫ್ರೀವೇ ಹಿಡಿದೆ. ದಾರಿಯುದ್ದಕ್ಕೂ ಸುಧಾಳದು ಒಂದೇ ಮಂತ್ರ: "ಕೀಲಿ ಮುಟ್ಟಬೇಡಿ. ಅಲ್ಲಿ ಹೋದ ಮೇಲೂ ಆಫ್ ಮಾಡಬೇಡಿ."

ಸ್ಯಾನ್ ಡಿಯಾಗೋ ತಲುಪಿದೆವು. ಸಿಂಹಾಸನ ಕಂಡು ಜನ ಓಡಿಬಂದು ಚಪ್ಪಾಳೆ ತಟ್ಟಿದರು. ಸುಧಾಳ ಮುಖ ಅರಳಿತು. ಅದನ್ನು ನೋಡುತ್ತಾ ನಾನೂ ಅರಳಿ, ಹೆಮ್ಮೆಯಿಂದ ಇಂಜಿನ್ ಆಫ್ ಮಾಡಿದೆ.

ನಾಟಕ ಅದ್ಭುತವಾಗಿತ್ತಂತೆ. ನಾನೂ ಅಲ್ಲೇ ಕೂತಿದ್ದೆ, ಆದರೆ ನನ್ನ ಕಣ್ಣಿಗೆ ಕಂಡದ್ದು ಇಳಿಜಾರೇ ಇಲ್ಲದ ಸಮತಟ್ಟಾದ ಪಾರ್ಕಿಂಗ್ ಲಾಟ್ ಒಂದೇ.

ಕೊನೆಗೆ ಟ್ರಕ್ಕು ತಳ್ಳಿದವರು ಸಾಕ್ಷಾತ್ ಮಹಾರಾಜರು! ಕಿರೀಟ ತೆಗೆದು ಅತ್ತೆಯ ಮಡಿಲಿಗೆ ಕೊಟ್ಟು, ಮಂತ್ರಿ, ಸೇನಾಪತಿ, ಇಬ್ಬರು ದ್ವಾರಪಾಲಕರ ಸಮೇತ ಹಿಂದೆ ನಿಂತರು. ಹಗಲಲ್ಲಿ ಟೆಲಿಕಾಂ ಇಂಜಿನಿಯರಾದ ಆ ಮಹಾರಾಜರು ಏದುಸಿರು ಬಿಡುತ್ತಾ ಕೂಗಿ ಕೇಳಿದರು:

"ಸಾರ್, ಇದನ್ನ ರಿಪೇರಿ ಮಾಡಿದವನು ಯಾರು ಸಾರ್?"

"ಯಾರೋ ಲೋಕಲ್ ಮೆಕ್ಯಾನಿಕ್ ರೀ," ಎಂದೆ ಕಿಟಕಿಯಿಂದ ತಲೆ ಹೊರಹಾಕಿ. "ಏನೂ ಬರಲ್ಲ ಅವನಿಗೆ, ದಂಡಪಿಂಡ!"

ಪಕ್ಕದಲ್ಲಿ ಕೂತಿದ್ದ ಸುಧಾ ನನ್ನ ತೋಳು ತಟ್ಟಿದಳು.

"ಪಾಪ, ಜಾಸ್ತಿ ಬೈಬೇಡಿ ರೀ. ಮನೆಗೆ ಹೋಗಿ ಅವನಿಗೆ ನಾನೇ ಊಟ ಹಾಕ್ಬೇಕು."