ವಿದ್ಯುಲ್ಲತಾ ತಂಡದಲ್ಲಿ ನನ್ನ ಕೆಲಸ

ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ ಇಟ್ಟುಕೊಂಡಿರುವ ಜಗತ್ತಿನ ಯಾವ ತಂಡವನ್ನಾದರೂ ನೋಡಿ. ಒಬ್ಬರು ಹಾಡುತ್ತಾರೆ. ಇನ್ನೊಬ್ಬರು ಯಂತ್ರದ ಗುಂಡಿ ತಿರುಗಿಸುತ್ತಾರೆ. ಮೂರನೆಯವನು ಹಿಂದುಗಡೆ, ಒಂದು ಸ್ಟ್ಯಾಂಡಿನ ಮುಂದೆ, ಲೋಕವೆಲ್ಲ ತನ್ನ ಎರಡು ಬೆರಳಿನ ಮೇಲೆ ನಿಂತಿದೆ ಎಂಬಂತೆ ಮುಖ ಮಾಡಿಕೊಂಡು ಸುಮ್ಮನೆ ನಿಂತಿರುತ್ತಾನೆ. ಅವನು ಏನು ಮಾಡುತ್ತಾನೆಂದು ಯಾರಿಗೂ ಗೊತ್ತಿಲ್ಲ. ಆದರೆ ಅವನಿಲ್ಲದಿದ್ದರೆ ಅದು ತಂಡವೇ ಅಲ್ಲ, ಮಿಕ್ಸಿ ರಿಪೇರಿ ಅಂಗಡಿ!

ಮೈಸೂರಿನ ರಾಮಕೃಷ್ಣನಗರದ ‘ವಿದ್ಯುಲ್ಲತಾ’ ತಂಡದಲ್ಲಿ ಆ ಮೂರನೆಯವನು ನಾನು. ಸ್ಥಾಪಕನೂ ನಾನೇ. ಹೆಸರಿಟ್ಟವನೂ ನಾನೇ. ಹಾಡುವವಳು ನನ್ನ ಹೆಂಡತಿ ವಸುಧಾ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ಹಾಡುಗಳನ್ನು ತಾನೇ ಕಟ್ಟುತ್ತಾಳೆ. ಯಂತ್ರಗಳನ್ನು ನೋಡಿಕೊಳ್ಳುವವನು ಎದುರುಮನೆಯ ಚಂದ್ರು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್.

ಆ ರಾಮನವಮಿ ಕಛೇರಿಯ ಕಥೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಹೇಳಿದಷ್ಟು ಸಲವೂ ಪೆಂಡಾಲು ದೊಡ್ಡದಾಗಿದೆ, ಜನ ಹೆಚ್ಚಾಗಿದ್ದಾರೆ, ನನ್ನ ಜುಬ್ಬಾ ರೇಷ್ಮೆಯದಾಗಿದೆ. ನೆನಪೆಂಬುದು ನನ್ನ ಕಡೆಯಿಂದ ಲಂಚ ತಿಂದ ಸಾಕ್ಷಿ. ಆದ್ದರಿಂದ ಈ ಸಲ ವಸುಧಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತಿದ್ದೇನೆ. ಅವಳು ಅವರೆಕಾಯಿ ಸುಲಿಯುತ್ತಾ ಓರೆಗಣ್ಣಿನಲ್ಲಿ ಓದುತ್ತಿದ್ದಾಳೆ.

“ಜುಬ್ಬಾ ಎಲ್ಲಿತ್ರೀ? ಚೌಕಳಿ ಶರ್ಟು ಹಾಕಿದ್ರಿ. ಬಟನ್ ಬೇರೆ ಇರ್ಲಿಲ್ಲ.”

ನೋಡಿದಿರಾ? ಚೌಕಳಿ ಶರ್ಟು. ಸರಿ.

ಮೊದಮೊದಲು ನನಗೂ ಕೆಲಸವಿತ್ತು. ಕೀಬೋರ್ಡಿನ ಮೇಲೆ ಎಡಗೈಯಲ್ಲಿ ದಪ್ಪ ಸ್ವರಗಳನ್ನು ನುಡಿಸುತ್ತಿದ್ದೆ. ಒಂದು ದಿನ ಚಂದ್ರು ಬಂದು, “ಸಾ, ಅದನ್ನ ಪೆಟ್ಟಿಗೆ ಒಳೀಕೆ ಆಕ್ಬುಟ್ಟಿವ್ನಿ, ನೀವು ಬಲಗೈ ನೋಡ್ಕಳಿ” ಅಂದ. ಬಲಗೈಗೆ ಬಂದೆ. ಹದಿನೈದು ದಿನದಲ್ಲಿ ಬಲಗೈಯೂ ಪೆಟ್ಟಿಗೆಯ ಪಾಲಾಯಿತು. ಆಮೇಲೆ ಹಾಡು ಶುರುವಾಗುವಾಗ ಒಂದು ಗುಂಡಿ ಒತ್ತುವ ಜವಾಬ್ದಾರಿ ಉಳಿಯಿತು. ಅದನ್ನು ನಾನು ಅತ್ಯಂತ ಶ್ರದ್ಧೆಯಿಂದ, ಕಣ್ಣು ಮುಚ್ಚಿ ಒತ್ತುತ್ತಿದ್ದೆ. “ಸಾ, ಇನ್ಮೇಲೆ ಅದೂ ತಾನೇ ಶುರುವಾಯ್ತದೆ” ಅಂದ ಚಂದ್ರು.

ನಾನು ಪ್ರತಿಭಟಿಸಿದೆ. ಕೊನೆಗೆ ಅವನು ರಿದಂ ಪ್ಯಾಡ್ ಒಂದನ್ನು ತಂದು ನನ್ನ ಮುಂದೆ ನಿಲ್ಲಿಸಿದ. ಎಂಟು ಚೌಕಗಳ ರಬ್ಬರ್ ಹಲಗೆ ಅದು. ಕೋಲಿನಲ್ಲಿ ಒಂದೊಂದು ಚೌಕ ಬಡಿದರೆ ಒಂದೊಂದು ಸದ್ದು. ಅವತ್ತಿನಿಂದ ನಾನು ಬಡಿದೇ ಬಡಿದೆ. ನನ್ನ ತಾಳ ಎಷ್ಟು ಕರಾರುವಾಕ್ಕಾಗಿತ್ತೆಂದರೆ ನನಗೇ ಆಶ್ಚರ್ಯ! ಯಂತ್ರದ ತಾಳಕ್ಕೂ ನನ್ನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ.

ಕೃಷ್ಣಮೂರ್ತಿಪುರಂನ ರಾಮನವಮಿ ಪೆಂಡಾಲಿನಿಂದ ಕರೆ ಬಂತು. ಯುವಜನರನ್ನು ಸೆಳೆಯಬೇಕೆಂದು ಕಾರ್ಯದರ್ಶಿ ಶ್ರೀಕಂಠಯ್ಯನವರ ಆಸೆಯಂತೆ. ನಮ್ಮ ಮೂವರಲ್ಲಿ ಅತ್ಯಂತ ಯುವಕನಾದ ಚಂದ್ರುವಿಗೆ ನಲವತ್ತಾಗಿತ್ತು. ಶ್ರೀಕಂಠಯ್ಯನವರು ಮನೆಗೇ ಬಂದು ಕಾಫಿ ಕುಡಿಯುತ್ತಾ ಕೇಳಿದರು.

“ಆಹ್ವಾನಪತ್ರಿಕೇಲಿ ಹಾಕ್ಬೇಕು. ಹಾಡುಗಾರಿಕೆ ನಮ್ಮ ಅಮ್ಮಾವ್ರು. ಯಂತ್ರವಾದ್ಯ ಚಂದ್ರು ಅವ್ರು. ಪ್ರಸನ್ನ ಅವ್ರೇ, ತಮ್ಮದೇನು?”

ನಾನು ಬಾಯಿ ತೆರೆಯುವ ಮೊದಲೇ ವಸುಧಾ, “ಅವರು... ಜೊತೇಲಿ ಇರ್ತಾರೆ” ಅಂದಳು.

ಜೊತೆಯಲ್ಲಿ ಇರುತ್ತಾರೆ! ಚೀಲ, ಛತ್ರಿ, ಗಂಡ! ರಕ್ತ ಕುದಿಯಿತು.

“ತಾಳವಾದ್ಯ ಅಂತ ಹಾಕಿ!” ಎಂದೆ.

ಶ್ರೀಕಂಠಯ್ಯನವರ ಮುಖ ಅರಳಿತು. “ಹಾಗಾದ್ರೆ ತನಿಯೂ ಇರತ್ತೆ ಅನ್ನಿ!”

“ಧಾರಾಳವಾಗಿ!” ಎಂದೆ. ತನಿ ಎಂದರೆ ಏನೋ ತಿಂಡಿ ಇರಬಹುದೆಂದು ನಾನು ತಿಳಿದುಕೊಂಡೆ ಎಂದು ಹಿಂದೆ ಹೇಳುತ್ತಿದ್ದೆ. ಅದು ಸುಳ್ಳು. ನನಗೆ ಚೆನ್ನಾಗಿ ಗೊತ್ತಿತ್ತು. ಕಛೇರಿಯ ನಡುವೆ ಹಾಡುವವರು ಬಾಯಿ ಮುಚ್ಚಿ ಕೂರುತ್ತಾರೆ, ತಾಳವಾದ್ಯದವನು ಒಬ್ಬನೇ ಬಾರಿಸುತ್ತಾನೆ, ಸಭಿಕರು ಎದ್ದು ಕಾಫಿಗೆ ಹೋಗುತ್ತಾರೆ. ಅದೇ ತನಿ ಆವರ್ತನ. ಗೊತ್ತಿದ್ದೂ ಒಪ್ಪಿಕೊಂಡೆ. ಇದನ್ನು ಮೂರ್ಖತನ ಎನ್ನುವವರಿದ್ದಾರೆ. ನಾನು ಸ್ವಾಭಿಮಾನ ಎನ್ನುತ್ತೇನೆ.

ಅವರು ಗೇಟು ದಾಟಿದ ಮೇಲೆ ವಸುಧಾ ನನ್ನತ್ತ ತಿರುಗಿದಳು.

“ಈ ಕಛೇರಿ ಮುಗೀಲಿ. ಆಮೇಲೆ ನಿಮ್ಮ ಕೆಲಸ ಏನೂಂತ ಒಂದೇ ಒಂದು ವಾಕ್ಯದಲ್ಲಿ ಹೇಳ್ಬೇಕು. ಹೇಳಕ್ಕಾಗ್ಲಿಲ್ವಾ, ಮುಂದಿನ ಸಲದಿಂದ ನಾನು, ಚಂದ್ರು ಇಬ್ರೇ. ನೀವು ಮುಂದಿನ ಸಾಲಲ್ಲಿ ಕೂತ್ಕೊಂಡು ಚಪ್ಪಾಳೆ ತಟ್ಟಿ.”

ಸ್ಥಾಪಕನಿಗೆ! ಹೆಸರಿಟ್ಟವನಿಗೆ!

ರಾಮನವಮಿಯ ಸಂಜೆ ಬಂತು. ಪೆಂಡಾಲು ತುಂಬಿತ್ತು. (“ಅರ್ಧ ತುಂಬಿತ್ತು,” ವಸುಧಾ.) ಮುಂದಿನ ಸಾಲಿನಲ್ಲಿ ಮಡಿಕೋಲಿನಂತೆ ನೆಟ್ಟಗೆ ಕೂತ ಅಜ್ಜಿಯೊಬ್ಬರು ಮೊದಲ ಹಾಡಿನಿಂದಲೇ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನನ್ನನ್ನೇ ನೋಡುತ್ತಿದ್ದರು. ವಸುಧಾ ಸೊಗಸಾಗಿ ಹಾಡಿದಳು. ನಾನು ಬೆವರು ಸುರಿಸಿ ಬಡಿದೆ. ಕೊನೆಗೆ ಅವಳೇ ಕಟ್ಟಿದ ದೊಡ್ಡ ಹಾಡು ಬಂತು. ಅದು ಅರ್ಧಕ್ಕೆ ಬಂದಾಗ ಶ್ರೀಕಂಠಯ್ಯನವರು ವೇದಿಕೆ ಹತ್ತಿ ಮೈಕು ಕಿತ್ತುಕೊಂಡರು.

“ಈಗ ಶ್ರೀಯುತ ಪ್ರಸನ್ನ ಅವರಿಂದ ತನಿ!”

ಚಂದ್ರು ಗಾಬರಿಯಿಂದ ಯಂತ್ರ ನಿಲ್ಲಿಸಿದ. ವಸುಧಾ ಕಣ್ಣಿನಲ್ಲೇ ‘ಬೇಡ’ ಎಂದಳು. ಅರ್ಧ ಸಭೆ ಎದ್ದು ಪಾನಕ, ಕೋಸಂಬರಿಯ ಕಡೆ ನಡೆಯಿತು. ಅಜ್ಜಿ ಮಾತ್ರ ಕೈ ಎತ್ತಿ ತಾಳಕ್ಕೆ ಸಿದ್ಧರಾದರು.

ನಾನು ಕೋಲೆತ್ತಿ ಬಡಿದೆ.

ಸದ್ದಿಲ್ಲ.

ಮತ್ತೆ ಬಡಿದೆ. ಒಣ ರಬ್ಬರಿನ ಟಪ್ ಟಪ್. ಪಕ್ಕದ ರಸ್ತೆಯಲ್ಲಿ ಸ್ಕೂಟರು ಹೋದದ್ದು ಸ್ಪಷ್ಟವಾಗಿ ಕೇಳಿಸಿತು.

ಬಗ್ಗಿ ನೋಡಿದೆ. ಪ್ಯಾಡಿನಿಂದ ಹೊರಟ ವೈರು ಜಮಖಾನದ ಅಡಿಗೆ ಹೋಗಿತ್ತು. ಎಳೆದೆ. ಇನ್ನೊಂದು ತುದಿ ಹಾಯಾಗಿ ಕೈಗೇ ಬಂತು. ಅದಕ್ಕೆ ಧೂಳು ಕೂರದ ಹಾಗೆ ಪ್ಲಾಸ್ಟಿಕ್ ಕವರು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿತ್ತು! ಅಂದರೆ ಇದು ಅವತ್ತಿನ ತಪ್ಪಲ್ಲ. ಇದೊಂದು ವ್ಯವಸ್ಥೆ. ಇಷ್ಟು ತಿಂಗಳು ನಾನು ಬಡಿದದ್ದೆಲ್ಲ ರಬ್ಬರಿಗೆ ಮಾತ್ರ ಗೊತ್ತಿತ್ತು.

“ಸಾ, ಬುಡಿ ಸಾ, ಈಗ ಸಿಕ್ಕಿಸ್ಬೇಡಿ, ಅದ್ರೊಳಗೆ ಬ್ಯಾರೆ...” ಎಂದು ಚಂದ್ರು ಪಿಸುಗುಟ್ಟಿದ.

ಬಿಡುವುದೇ? ಕವರು ಕಿತ್ತೆಸೆದು, ಚಂದ್ರುವಿನ ಯಂತ್ರದಲ್ಲಿ ಕಣ್ಣಿಗೆ ಕಂಡ ತೂತಿಗೆ ಸಿಕ್ಕಿಸಿ, ವೀರಾವೇಶದಿಂದ ಬಡಿದೆ.

ಹೆಲಿಕಾಪ್ಟರು ಬಂತು.

ಚಂದ್ರು ಹೇಳಲು ಹೊರಟದ್ದು ಇದನ್ನೇ. ಬಡಾವಣೆಯ ಮಕ್ಕಳ ನಾಟಕಕ್ಕೆಂದು ತುಂಬಿದ ಸದ್ದುಗಳು ಪ್ಯಾಡಿನಲ್ಲಿ ಹಾಗೇ ಉಳಿದಿದ್ದವು. ಸಿಕ್ಕಿಸದ ಪ್ಯಾಡಿನಲ್ಲಿ ಏನಿದ್ದರೇನು ಎಂದು ಅವನೂ ಸುಮ್ಮನಿದ್ದ. ನಾನು ಹೆದರಿ ಪಕ್ಕದ ಚೌಕ ಬಡಿದೆ. ನಾಯಿ ಬೊಗಳಿತು. ಪೆಂಡಾಲಿನ ಹಿಂದಿನಿಂದ ನಿಜವಾದ ನಾಯಿಗಳು ಉತ್ತರ ಕೊಟ್ಟವು. ಇನ್ನೊಂದು ಬಡಿದೆ. ಗಾಜು ಒಡೆಯಿತು. ಪಾನಕದ ಕಡೆಯಿಂದ, “ಯಾರ್ರೀ ಅದು ಲೋಟ ಬೀಳಿಸಿದ್ದು?” ಎಂದು ಯಾರೋ ಗದರಿದರು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ! ತಾಳವಾದ್ಯ ಎಂದು ಅಚ್ಚಾಗಿದೆ, ಅಜ್ಜಿ ತಾಳ ಹಾಕುತ್ತಿದ್ದಾರೆ, ನಾನು ಬಾರಿಸುತ್ತೇನೆ. ನಾಯಿ, ನಾಯಿ, ಗಾಜು, ಹೆಲಿಕಾಪ್ಟರು. ನಾಯಿ, ನಾಯಿ, ಗಾಜು, ಹೆಲಿಕಾಪ್ಟರು. ಆಮೇಲೆ ಹಸುಗೂಸಿನ ಅಳು ಬಂತು. ಅಜ್ಜಿ ತಾಳ ನಿಲ್ಲಿಸಿ, ಭಕ್ತಿಯಿಂದ ಕೈ ಮುಗಿದರು.

ತನಿಯನ್ನು ಶುರು ಮಾಡುವುದು ಸುಲಭ. ಮುಗಿಸುವುದಕ್ಕೆ ಒಂದು ಲೆಕ್ಕವಿದೆ. ಆ ಲೆಕ್ಕ ಗೊತ್ತಿರುವವಳು ವಸುಧಾ. ಅವಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಕೊನೆಗೆ, ಏನಾದರಾಗಲಿ ಎಂದು, ಈವರೆಗೆ ಮುಟ್ಟದ ಚೌಕವನ್ನು ಪೂರ್ತಿ ಬಲ ಹಾಕಿ ಬಡಿದೆ.

ಪ್ರಚಂಡ ಚಪ್ಪಾಳೆ!

ಅದೂ ಪ್ಯಾಡಿನದೇ. ಬದುಕಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆಯನ್ನು ನಾನೇ ಬಾರಿಸಿಕೊಂಡಿದ್ದೆ. ಪಾನಕ ಕುಡಿಯುತ್ತಿದ್ದ ಶ್ರೀಕಂಠಯ್ಯನವರು ಕಛೇರಿ ಮುಗಿಯಿತೆಂದು ತಿಳಿದು, ಶಾಲು ಹಿಡಿದುಕೊಂಡು ಓಡಿಬಂದರು. “ಮಂಗಳ ಹೇಳ್ಬಿಡಿ ಅಮ್ಮಾ, ಮಂಗಳ!” ವಸುಧಾಳ ದೊಡ್ಡ ಹಾಡು ಅರ್ಧದಲ್ಲೇ ನಿಂತು, ಅವಳು ಹಲ್ಲು ಕಚ್ಚಿಕೊಂಡೇ ಮಂಗಳ ಹಾಡಿದಳು.

ವೇದಿಕೆ ಇಳಿಯುವಾಗ ಅಜ್ಜಿ ನನ್ನನ್ನು ತಡೆದರು.

“ಚೆನ್ನಾಗಿತ್ತು ಕಣಪ್ಪಾ. ರಾಮ ಹುಟ್ಟಿದ್ದು ಬಂತು, ಬಿಲ್ಲು ಮುರಿದದ್ದು ಬಂತು, ಪುಷ್ಪಕ ವಿಮಾನ ಬಂತು. ಆದ್ರೆ ಆ ನಾಯಿ ಯಾರೂಂತ ಗೊತ್ತಾಗ್ಲಿಲ್ಲ.”

“ಅದು ನಮ್ಮೆಜಮಾನ್ರು ಅಜ್ಜಿ,” ಎಂದಳು ವಸುಧಾ.

ಸಾಮಾನು ತುಂಬಿದ ಗಾಡಿಯಲ್ಲಿ ಮನೆಗೆ ಬರುವಾಗ ಅವಳು ಕೇಳಿಯೇ ಕೇಳಿದಳು. “ಹೇಳಿ. ನಿಮ್ಮ ಕೆಲಸ ಏನು? ಒಂದೇ ವಾಕ್ಯ.”

“ಮೊದ್ಲು ನೀವಿಬ್ರು ಹೇಳಿ! ತಿಂಗಳುಗಟ್ಟಲೆ ನನ್ನ ಪ್ಯಾಡಿನ ವೈರಿಗೆ ಬಟ್ಟೆ ತೊಡಿಸಿ ಮಲಗಿಸಿದ್ರಲ್ಲ, ಅದ್ಯಾವ ನ್ಯಾಯ?” ಎಂದು ಗುಡುಗಿದೆ. ಚಂದ್ರು ಕಿಟಕಿಯ ಹೊರಗೆ ನೋಡಿದ. ವಸುಧಾ ಸೆರಗು ಸರಿಮಾಡಿಕೊಂಡಳು. ಸಿಕ್ಕಿತು ಅವಕಾಶ! “ನಾನು ತಂಡ ಬಿಡಲ್ಲ. ನನ್ನ ಪ್ಯಾಡು ನನ್ನ ಕಣ್ಣೆದುರಿಗೇ ಸಿಕ್ಕಿಸ್ಬೇಕು. ಇದು ಸ್ಥಾಪಕನ ಷರತ್ತು!”

“ಸರಿ,” ಎಂದಳು ವಸುಧಾ. ಅಷ್ಟು ಬೇಗ ಒಪ್ಪಿದ್ದು ಆಗಲೇ ಸ್ವಲ್ಪ ವಿಚಿತ್ರವೆನಿಸಿತ್ತು.

ಅವರೆಕಾಯಿ ಮುಗಿದು ವಸುಧಾ ಒಳಗೆ ಹೋದಳು. ಕುಕ್ಕರು ಕೂಗುತ್ತಿದೆ. ಇನ್ನು ಮುಂದಿನದನ್ನು ಅವಳು ನೋಡುವುದಿಲ್ಲ. ಅಚ್ಚಾದ ಮೇಲೆ ಓದಿದರೆ ಓದಲಿ, ನಾನೇನು ಹೆದರುವವನಲ್ಲ.

ಈಗ ಪ್ರತಿ ಕಾರ್ಯಕ್ರಮದಲ್ಲೂ ಚಂದ್ರು ನನ್ನ ಕಣ್ಣೆದುರಿಗೇ, ಪೂಜೆ ಮಾಡುವವನ ಹಾಗೆ, ಪ್ಯಾಡಿಗೆ ವೈರು ಸಿಕ್ಕಿಸುತ್ತಾನೆ. ಆಮೇಲೆ ಸ್ಟ್ಯಾಂಡಿಗೆ ಕಪ್ಪು ಬಟ್ಟೆ ಹೊದಿಸುತ್ತಾನೆ. ಮೊನ್ನೆ ಯಾರೂ ಇಲ್ಲದಾಗ ಬಟ್ಟೆ ಎತ್ತಿ ನೋಡಿದೆ. ಪ್ಯಾಡಿನಿಂದ ಹೊರಟ ವೈರು ಸ್ಟ್ಯಾಂಡಿಗೆ ಒಂದು ಸುತ್ತು ಬಂದು, ಅದೇ ಪ್ಯಾಡಿನ ಇನ್ನೊಂದು ತೂತಿಗೆ ಹೋಗಿ ಸೇರಿತ್ತು.

ಬಟ್ಟೆ ಇಳಿಬಿಟ್ಟೆ. ಕೋಲು ಎತ್ತಿಕೊಂಡೆ. ಅವತ್ತು ಎಂದಿಗಿಂತ ಜೋರಾಗಿ ಬಡಿದೆ.

ಮನೆಗೆ ಬಂದ ಮೇಲೆ ವಸುಧಾ ಹೇಳಿದಳು: “ಈಚೆಗೆ ನಿಮ್ಮ ತಾಳ ಒಂದ್ಸಲಾನೂ ತಪ್ಪಿಲ್ಲ ಕಣ್ರೀ.”

“ಸಾಧನೆ,” ಎಂದೆ.